ಅಪ್ಪನ ಜೀಪು ಎತ್ತಿಸಿದ್ದು

ನಮ್ಮ ಜೀಪನ್ನು ನಾನು ಎತ್ತಿಸಿದ್ದು, ಅಂದರೆ ಅದರ ಮೈ ನೆಲದಿಂದ ಇನ್ನಷ್ಟು ಮೇಲೆ ನಿಲ್ಲುವ ಹಾಗೆ ಮಾಡಿಸಿದ್ದು, ಬೆಟ್ಟ ಹತ್ತುವುದಕ್ಕೆ ಎಂದು ಜಯನಗರದ ನಮ್ಮ ಬೀದಿಯವರೆಲ್ಲ ನಂಬಿದ್ದಾರೆ. ಐವತ್ತರ ಹತ್ತಿರದ ಹೆಂಗಸಿಗೆ ಇದೇನು ಹುಚ್ಚು ಎಂದು ಬೆನ್ನ ಹಿಂದೆ ನಕ್ಕವರೂ ಇದ್ದಾರೆ. ನಗಲಿ, ನನಗೇನೂ ನಷ್ಟವಿಲ್ಲ. ರಜೆಯ ದಿನಗಳಲ್ಲಿ ಒಂದು ಗುಂಪಿನ ಜೊತೆ ಕನಕಪುರದ ಕಡೆಯ ಕಲ್ಲುದಾರಿಗಳಲ್ಲಿ ಗಾಡಿ ಓಡಿಸಲು ಹೋಗುತ್ತೇನೆ ಅನ್ನುವುದು ಸುಳ್ಳಲ್ಲ. ಆದರೆ ಆ ದಾರಿಗಳಿಗೆ ಜೀಪು ಮೊದಲಿದ್ದ ಎತ್ತರವೇ ಧಾರಾಳವಾಗಿತ್ತು. ನಾನು ಅದನ್ನು ಎತ್ತಿಸಿದ್ದು ಅಪ್ಪ ಓಡಿಸುವುದನ್ನು ಬಿಡಲಿ ಎಂದು.

ಅಪ್ಪನಿಗೆ ಎಂಬತ್ತರ ಹತ್ತಿರ. ನೀರಾವರಿ ಇಲಾಖೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಹೊರಡುವಾಗ ಇಲಾಖೆಯ ಹರಾಜಿನಲ್ಲಿ ಈ ಹಳೆಯ ಜೀಪನ್ನು ಕೊಂಡು ತಂದು ಅಮ್ಮನ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದರು. ಬಾನೆಟ್ಟಿನ ಕೆಳಗೆ ಏನಿದೆ ಎಂದು ಅವರು ಯಾವತ್ತೂ ಕೇಳಿದವರಲ್ಲ. ಓಡಿಸುವುದಷ್ಟೇ ಅವರಿಗೆ ಬೇಕು. ಕೋಣನಕುಂಟೆಯ ಆಚೆ ಇನ್ನೂ ಬಯಲಿದ್ದಾಗ ನನಗೆ ಡ್ರೈವಿಂಗ್ ಕಲಿಸಿದ್ದು ಇದರಲ್ಲೇ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಬ್ಬರೇ ಜೀಪಿನಲ್ಲಿ ಕೋಣನಕುಂಟೆಗೆ ಹೋಗಿ ಸೊಪ್ಪು, ತೆಂಗಿನಕಾಯಿ ತರುವುದು ಅವರ ವಾರದ ಹಬ್ಬ.

ಮೊದಲು ಜೀಪನ್ನು ಎದುರುಮನೆಯ ಗೇಟಿಗೆ ತಾಗಿಸಿದರು. ಆಮೇಲೆ ಬನಶಂಕರಿಯಲ್ಲಿ ಒಂದು ಆಟೋಗೆ ಉಜ್ಜಿದರು. ಕೊನೆಗೆ ಒಂದು ದಿನ ನಾನೇ ಪಕ್ಕದಲ್ಲಿ ಕೂತಿದ್ದಾಗ, ಹೂವಿನ ಬುಟ್ಟಿ ಹಿಡಿದು ರಸ್ತೆ ದಾಟುತ್ತಿದ್ದ ಹೆಂಗಸು ಅವರಿಗೆ ಕಾಣಲೇ ಇಲ್ಲ. ನಾನು ಕಿರುಚಿದೆ, ಬ್ರೇಕು ಬಿತ್ತು, ಆಕೆ ಬಾಯಿಗೆ ಬಂದದ್ದೆಲ್ಲ ಬೈದು ಹೋದಳು. ಅಪ್ಪ ನಕ್ಕು, "ಈಗಿನ ಜನ ನೋಡ್ಕೊಂಡ್ ನಡಿಯೋದೇ ಇಲ್ಲ ಕಣಮ್ಮಾ" ಅಂದರು. ಅವತ್ತಿನಿಂದ ಭಾನುವಾರ ಅವರು ವಾಪಸು ಬರುವವರೆಗೆ ನಾನು ಗೇಟಿನ ಹತ್ತಿರವೇ ಸುಳಿದಾಡುತ್ತಿದ್ದೆ.

ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಇನ್ಶೂರೆನ್ಸ್ ಆಫೀಸಿನಲ್ಲಿ ಎಂಥವರಿಗೂ ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ನಾನು. ಆದರೆ ನಮ್ಮ ಮನೆಯಲ್ಲಿ ದೊಡ್ಡವರಿಗೆ ಬೇಡ ಎಂದು ಹೇಳುವ ಪದ್ಧತಿಯೇ ಇಲ್ಲ. ಅಪ್ಪನಿಗೆ ಬಿ.ಪಿ. ಬಂದಾಗ ಅಮ್ಮ ಉಪ್ಪಿನಕಾಯಿ ತಿನ್ನಬೇಡಿ ಅನ್ನಲಿಲ್ಲ. ಜಾಡಿಯನ್ನು ಅಟ್ಟದ ಮೇಲಿಟ್ಟಳು. ಅಪ್ಪ ಒಂದು ವಾರ ಅತ್ತಿತ್ತ ನೋಡಿ ಸುಮ್ಮನಾದರು. ಯಾರ ಮಾನವೂ ಹೋಗಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನು ಬೆಳೆದದ್ದು ಹಾಗೆ.

ಹುಳಿಮಾವಿನ ಗ್ಯಾರೇಜಿನವನು ನಮ್ಮ ಗುಂಪಿನ ಗಾಡಿಗಳನ್ನೆಲ್ಲ ನೋಡಿಕೊಳ್ಳುವವನು. ಎತ್ತಿಸಬೇಕು ಅಂದಿದ್ದೇ ತಡ, ಅವನಿಗೆ ಮದುವೆ ಮನೆಯ ಉತ್ಸಾಹ ಬಂತು. ಸ್ಪ್ರಿಂಗ್ ಪಟ್ಟಿಗಳನ್ನು ಬದಲಾಯಿಸಬೇಕು, ಉದ್ದದ ಶಾಕ್ ಅಬ್ಸಾರ್ಬರ್, ದೊಡ್ಡ ಟೈರು ಹಾಕಬೇಕು, ಎತ್ತಿದ ಮೇಲೆ ಸ್ಟೇರಿಂಗಿನ ರಾಡು ಓರೆಯಾಗುವುದರಿಂದ ಅದರ ತೋಳನ್ನೂ ಬದಲಾಯಿಸಬೇಕು ಎಂದೆಲ್ಲ ವಿವರಿಸಿದ.

"ಮುಂದಿನ ಆಕ್ಸಲ್ ವಾಲುತ್ತೆ ಮೇಡಂ, ಬೆಣೆ ಕೊಟ್ಟು ಸರಿ ಮಾಡ್ತೀನಿ. ಇಲ್ದಿದ್ರೆ ಸ್ಪೀಡಲ್ಲಿ ಸ್ಟೇರಿಂಗ್ ನಡುಗುತ್ತೆ. ಆದ್ರೆ ಬೆಣೆ, ದೊಡ್ಡ ಟೈರು ಎರಡೂ ಸೇರಿ ಸ್ಟೇರಿಂಗ್ ಗಟ್ಟಿ ಆಗೋಗುತ್ತೆ. ಪವರ್ ಸ್ಟೇರಿಂಗ್ ಹಾಕ್ಸಿಬಿಡಿ, ಒಂದು ಬೆರಳಲ್ಲಿ ತಿರುಗಿಸ್ಬೋದು."

"ಬೇಡ" ಅಂದೆ. "ಗಟ್ಟಿ ಆದ್ರೆ ಆಗ್ಲಿ."

"ಕೈ ಬಿದ್ದೋಗುತ್ತೆ ಮೇಡಂ."

"ಪರ್ವಾಗಿಲ್ಲ" ಅಂದೆ. ಕೈ ಯಾರದ್ದು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜೀಪು ಮನೆಗೆ ಬಂದಾಗ ಅಪ್ಪ ಅದರ ಸುತ್ತ ಪ್ರದಕ್ಷಿಣೆ ಹಾಕಿದರು. "ಭೇಷ್! ಆನೆ ಇದ್ದ ಹಾಗಿದೆ" ಎಂದು ಟೈರು ತಟ್ಟಿದರು. ಮುಂದಿನ ಭಾನುವಾರ ಅಂಗಿ ತೊಟ್ಟು, ಚೀಲ ಹಿಡಿದು ಹೊರಟರು. ಮೊದಲ ಸಲ ಕಾಲು ಎಟುಕಲಿಲ್ಲ. ಎರಡನೇ ಸಲ ಸ್ಟೇರಿಂಗನ್ನೇ ಹಿಡಿದು ಎಳೆದುಕೊಂಡು ಹತ್ತಿದರು. ನಾನು ಗೇಟಿನ ಹತ್ತಿರ ನಿಂತು ನೋಡುತ್ತಿದ್ದೆ. ನೇರ ರಸ್ತೆಯಲ್ಲಿ ಚೆನ್ನಾಗಿಯೇ ಹೋದರು. ಕೊನೆಯ ತಿರುವಿನಲ್ಲಿ ಗಾಡಿ ಅರ್ಧ ತಿರುಗಿ ರಸ್ತೆಗೆ ಅಡ್ಡಲಾಗಿ ನಿಂತಿತು. ಅಪ್ಪ ಎರಡೂ ಕೈಯಿಂದ ಸ್ಟೇರಿಂಗನ್ನು ಎಳೆಯುತ್ತಿದ್ದರು, ಹೆಗಲು ಮೇಲೆ ಕೆಳಗೆ ಆಗುತ್ತಿತ್ತು. ಎರಡೂ ಕಡೆ ಸ್ಕೂಟರಿನವರು ಹಾರ್ನ್ ಹೊಡೆಯತೊಡಗಿದರು. ನಾನು ಓಡಬಹುದಿತ್ತು. ಓಡಲಿಲ್ಲ. ಅವರಿಗೇ ಸಾಕೆನಿಸಲಿ ಎಂದು ಕಾದೆ. ಈಗಲೂ ಆ ಹಾರ್ನ್ ನೆನಪಾದರೆ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಹೇಗೋ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಅಪ್ಪ ನಡೆದುಕೊಂಡು ಬಂದರು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಕೀಲಿಯನ್ನು ನನ್ನ ಕೈಗಿಟ್ಟು, "ನನ್ ಕೈ ಸೋತೋಯ್ತು ಕಣಮ್ಮಾ" ಅಂದರು. ನಾನು ಅಯ್ಯೋ ಪಾಪ ಅನ್ನಲಿಲ್ಲ. ಸದ್ಯ, ಮುಗಿಯಿತು ಅಂದುಕೊಂಡೆ. ಅವತ್ತು ನನಗೆ ಒಳ್ಳೆಯ ನಿದ್ದೆ ಬಂತು.

ಮುಗಿದಿರಲಿಲ್ಲ. ಸೋತದ್ದು ಕೈ ಎಂದು ಅಪ್ಪ ನಿಜವಾಗಿಯೂ ನಂಬಿಬಿಟ್ಟರು. ದಿನಾ ತೆಂಗಿನಕಾಯಿ ಒಡೆಯುತ್ತಿದ್ದವರು ಅದನ್ನು ನನ್ನ ಮುಂದೆ ತಂದಿಟ್ಟರು. ತಾವೇ ಶೇವ್ ಮಾಡಿಕೊಳ್ಳುವುದು ನಿಂತಿತು. ಪಾರ್ಕಿನ ಗೆಳೆಯರ ಜೊತೆ ಕೇರಂ ಆಡುವುದನ್ನು ಬಿಟ್ಟರು. ಸ್ಟ್ರೈಕರ್ ಹೊಡೆಯಲು ಬೆರಳಲ್ಲಿ ಕಸುವಿಲ್ಲವಂತೆ. ಶಾಪಿಂಗ್ ಕಾಂಪ್ಲೆಕ್ಸಿಗೆ ಒಬ್ಬರೇ ನಡೆದು ಹೋಗುತ್ತಿದ್ದವರು ಗೇಟಿನವರೆಗೆ ಬಂದು, ಬೀದಿಯನ್ನೊಮ್ಮೆ ನೋಡಿ ಒಳಗೆ ಹೋಗತೊಡಗಿದರು. ನಾನು ಕಿತ್ತುಕೊಂಡದ್ದು ಒಂದು ಕೀಲಿ; ಅದರ ಹಿಂದೆ ಅವರು ಒಂದೊಂದಾಗಿ ಎಲ್ಲವನ್ನೂ ತಾವೇ ಬಿಟ್ಟುಕೊಡುತ್ತಿದ್ದರು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಅಪ್ಪನ ಕೈಗೆ ತಮ್ಮ ಬೆರಳು ಕೊಟ್ಟು ಹಿಸುಕಲು ಹೇಳಿ, "ಸಾರ್, ನನ್ ಬೆರಳೇ ಮುರಿಯೋ ಹಾಗಿದೆ. ಕೈಗೇನೂ ಆಗಿಲ್ಲ ನಿಮ್ಗೆ" ಅಂದರು. ಹೊರಗೆ ಬಂದು ಅಪ್ಪ, "ಒಳ್ಳೆಯವರು, ಸಮಾಧಾನಕ್ಕೆ ಹೇಳ್ತಾರೆ" ಅಂದರು.

ಒಂದೇ ಒಂದು ಮಾತು ಸಾಕಾಗಿತ್ತು. ಅಪ್ಪ, ಸೋತದ್ದು ನಿಮ್ಮ ಕೈಯಲ್ಲ, ಆ ಸ್ಟೇರಿಂಗ್ ನನಗೂ ಸುಲಭಕ್ಕೆ ತಿರುಗುವುದಿಲ್ಲ, ನಾನೇ ಬೇಕೆಂದು ಗಟ್ಟಿ ಮಾಡಿಸಿದೆ ಎಂದರೆ ಆಗಿತ್ತು. ಆದರೆ ಹೇಳಿದರೆ ಮುಂದಿನ ಭಾನುವಾರ ಮತ್ತೆ ಚೀಲ ಹಿಡಿದು ಹೊರಡುತ್ತಾರಲ್ಲ ಎಂಬ ಭಯ. ಆ ಹೂವಿನ ಹೆಂಗಸು ಕಣ್ಣ ಮುಂದೆ ಬರುತ್ತಿದ್ದಳು. ಇದು ನಿಜವಾದ ಕಾರಣವೋ, ನನ್ನ ಹೇಡಿತನಕ್ಕೆ ಸಿಕ್ಕ ನೆಪವೋ ನನಗೇ ಬಿಡಿಸಿ ಹೇಳಲಾಗುವುದಿಲ್ಲ. ಈ ನಡುವೆ ಪಾರ್ಕಿನವರು ಯಾರಾದರೂ ನಿಮ್ಮ ತಂದೆ ಯಾಕೆ ಬರುತ್ತಿಲ್ಲ ಎಂದು ಕೇಳಿದರೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ನಾನು ಸಿಡುಕುತ್ತಿದ್ದೆ.

ಕಡೆಗೆ ಅಪ್ಪ ಊಟದ ತಟ್ಟೆಯ ಮುಂದೆ, "ಸಾರಿನ್ ಪಾತ್ರೆ ನೀನೇ ಬಗ್ಗಿಸಮ್ಮಾ, ನಂಗಾಗಲ್ಲ" ಅಂದ ದಿನ ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನವೇ ಜೀಪನ್ನು ಹುಳಿಮಾವಿಗೆ ಒಯ್ದೆ.

"ಎಲ್ರೂ ಎತ್ತಿಸೋಕ್ ಬರ್ತಾರೆ, ನೀವು ಇಳಿಸೋಕ್ ಬಂದಿದ್ದೀರ!" ಎಂದು ಗ್ಯಾರೇಜಿನವನು ತಲೆ ಕೆರೆದುಕೊಂಡ. ಬೆಣೆ ತೆಗೆಸಿ, ಹಳೆಯ ಪಟ್ಟಿ, ಹಳೆಯ ಟೈರುಗಳನ್ನೇ ಹಾಕಿಸಿದೆ. ಅಂದು ಬೇಡವೆಂದ ಪವರ್ ಸ್ಟೇರಿಂಗನ್ನೂ ಕೂರಿಸು ಅಂದೆ. ಅಪ್ಪ ಓಡಿಸಲಿ, ನಾನು ಪಕ್ಕದಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕೂರುತ್ತೇನೆ, ಅವರ ಕೈ ಅವರಿಗೆ ಸಿಗಲಿ ಎಂದು ನನ್ನ ಲೆಕ್ಕ. ಈ ಸಲವೂ ಬಾಯಿ ಬಿಡುವ ಬದಲು ಗಾಡಿಯನ್ನೇ ತಿದ್ದಲು ಹೊರಟಿದ್ದೆ, ಅದು ಆಗ ಹೊಳೆಯಲಿಲ್ಲ.

ಜೀಪನ್ನು ಮನೆಯ ಮುಂದೆ ತಂದು ನಿಲ್ಲಿಸಿ, "ಅಪ್ಪ, ಒಂದ್ಸಲ ಹತ್ತಿ ತಿರುಗಿಸಿ ನೋಡಿ" ಅಂದೆ. ಸಲೀಸಾಗಿ ಹತ್ತಿ ಕೂತರು. ನಾನೇ ಹೊರಗಿನಿಂದ ಕೈ ಚಾಚಿ ಎಂಜಿನ್ ಚಾಲೂ ಮಾಡಿದೆ. ಒಂದು ಕೈಯಲ್ಲಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಅವರಿಗೆ ನಿಜ ತಿಳಿಯಿತು, ಈಗ ಕೇಳುತ್ತಾರೆ ಎಂದು ಕಾದೆ. ಕೇಳಿದರೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೇ ನಿಂತಿದ್ದೆ. ಅಪ್ಪನ ಕಣ್ಣು ತುಂಬಿತ್ತು.

"ನನಗೋಸ್ಕರ ಇಷ್ಟೆಲ್ಲ ಮಾಡಿಸ್ದ್ಯಾ? ನಿಂಗೆ ಬೆಟ್ಟಕ್ಕೆ ಹೋಗೋಕೆ ಎತ್ತರ ಬೇಕಾಗಿತ್ತಲ್ಲ ಕಣಮ್ಮಾ."

ಅವರು ನಿಧಾನವಾಗಿ ಇಳಿದು ಆ ಕಡೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತರು. "ಸ್ಟೇರಿಂಗ್ ಹಗುರ ಮಾಡಿಸ್ಬೋದು. ಕೈಗೆ ಶಕ್ತಿ ಎಲ್ಲಿಂದ ತರ್ತೀಯ? ನೀನೇ ಓಡ್ಸು" ಅಂದರು.

ಈಗ ಭಾನುವಾರ ನಾನೇ ಕರೆದುಕೊಂಡು ಹೋಗುತ್ತೇನೆ. ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. ಮಗಳು ತನ್ನ ಶೋಕಿಯನ್ನು ಬಿಟ್ಟು ನನಗಾಗಿ ಗಾಡಿ ಇಳಿಸಿದಳು ಎಂದು ಸಿಕ್ಕವರಿಗೆಲ್ಲ ಹೇಳುತ್ತಾರೆ. ಕಳೆದ ವಾರ ಸಿಗ್ನಲ್ಲಿನಲ್ಲಿ ಪಾರ್ಕಿನ ಗೆಳೆಯರೊಬ್ಬರು ಕಿಟಕಿಗೆ ಬಗ್ಗಿ, "ನಿಮ್ ತಂದೆ ಎಲ್ಲಾ ಹೇಳಿದ್ರು. ಇಂಥ ಮಗಳು ಸಿಗೋಕೆ ಪುಣ್ಯ ಮಾಡಿರ್ಬೇಕಮ್ಮಾ" ಅಂದರು.

"ಅಯ್ಯೋ, ಅಂಥದ್ದೇನೂ ಇಲ್ಲ ಅಂಕಲ್" ಅಂದೆ.

ಅಪ್ಪ ಹೆಮ್ಮೆಯಿಂದ ನಕ್ಕರು. "ಇವ್ಳು ಮೊದ್ಲಿಂದ್ಲೂ ಹೀಗೇನೆ. ಮಾಡಿದ್ದನ್ನ ಬಾಯಿಬಿಟ್ಟು ಹೇಳ್ಕೊಳ್ಳೋದೇ ಇಲ್ಲ."