ಬರಿದಾಗಿ ಮರಳದ ಪುಸ್ತಕಗಳು

ಕಂಪ್ಲಿಯ ಬೋರ್ಡ್ ಶಾಲೆಯಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಊರ ವಾಚನಾಲಯದ ಕಪಾಟಿನ ಬೀಗದಕೈಯೂ ನನ್ನ ಬಳಿಯೇ ಇತ್ತು. ಇದ್ದವು ಇನ್ನೂರು ಚಿಲ್ಲರೆ ಪುಸ್ತಕಗಳು. ಅವನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಒಬ್ಬರೇ. ಅವರು ವಾಚನಾಲಯದ ಮೆಟ್ಟಿಲನ್ನು ಒಂದು ದಿನವೂ ಹತ್ತಿದವರಲ್ಲ.

ಅವರು ಮರುಳಸಿದ್ದಮ್ಮ, ಅಕ್ಕಿ ಗಿರಣಿಯ ಜಡೆಪ್ಪನವರ ಅಕ್ಕ. ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದ್ದರು. ಗಿರಣಿಯ ಆಳುಗಳೂ ಸೇರಿ ದಿನಕ್ಕೆ ಇಪ್ಪತ್ತು ಜನರ ಅಡಿಗೆ ಅವರದೇ. ಮಧ್ಯಾಹ್ನ ಒಲೆ ಆರಿದ ಮೇಲೆ ಹಿಂದಿನ ಪಡಸಾಲೆಯಲ್ಲಿ ತೌಡಿನ ಚೀಲಕ್ಕೆ ಒರಗಿ ಓದುತ್ತಿದ್ದರು. ಜಡೆಪ್ಪನವರು ತಮ್ಮ ಹೆಸರಿನಲ್ಲಿ ಪುಸ್ತಕ ಒಯ್ದು, ತಾವೇ ಹಿಂದಕ್ಕೆ ತರುತ್ತಿದ್ದರು.

ನಮ್ಮ ಕಡೆ ನೆರೆಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಮಂಡಕ್ಕಿಯನ್ನೋ ಬೆಲ್ಲದ ಚೂರನ್ನೋ ಹಾಕಿ ಕೊಡುತ್ತಾರೆ. ಮರುಳಸಿದ್ದಮ್ಮನವರು ಪುಸ್ತಕಕ್ಕೂ ಅದೇ ಪದ್ಧತಿ ಇಟ್ಟುಕೊಂಡಿದ್ದರು. ಮರಳಿ ಬಂದ ಪ್ರತಿಯೊಂದರಲ್ಲೂ ಗಿರಣಿಯ ಹಳೆಯ ಚೀಟಿ, ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದ ಎರಡು ಸಾಲು ಇರುತ್ತಿದ್ದವು.

ಒಂದು ದಪ್ಪ ಕಾದಂಬರಿಗೆ, "ಈಕೆ ಹದಿನೇಳು ಸಲ ಮೂರ್ಛೆ ಹೋದಳು. ಒಂದು ಸಲವೂ ಅಡಿಗೆ ಮಾಡಲಿಲ್ಲ." ಹಂಪಿಯನ್ನು ವರ್ಣಿಸಿದ ಪುಸ್ತಕಕ್ಕೆ, "ಕಂಬಗಳನ್ನೆಲ್ಲ ಎಣಿಸಿದ್ದಾರೆ. ಕುಡಿಯುವ ನೀರು ಎಲ್ಲಿದೆಯೆಂದು ಹೇಳಿಲ್ಲ." ಪತ್ತೇದಾರಿ ಕಥೆಗೆ, "ಕಳ್ಳ ಯಾರೆಂದು ನನಗೆ ಬೇಗ ತಿಳಿಯಿತು. ಪತ್ತೇದಾರನಿಗೆ ತಿಳಿಯಲೆಂದು ಕಾದು ಸಾಕಾಯಿತು." ಮನೆವೈದ್ಯದ ಪುಸ್ತಕದಲ್ಲಿದ್ದ ಚೀಟಿ ಇದು: "ನಿದ್ದೆ ಬಾರದವರು ಹಾಲು ಕುಡಿದು ಚಿಂತೆ ಬಿಡಬೇಕು ಎಂದಿದ್ದಾರೆ. ಹಾಲು ಕುಡಿದೆ."

ಚೀಟಿಗಳನ್ನು ತೆಗೆದು ನಾನು ಮೇಜಿನ ಖಾನೆಯಲ್ಲಿ ಇಡುತ್ತಿದ್ದೆ. ಒಂದು ಸಲ ಮಾತ್ರ ತಪ್ಪಿದೆ. ಪರೀಕ್ಷೆಯ ಉತ್ತರಗಳನ್ನು ತಿದ್ದಿ ದಣಿದಿದ್ದ ದಿನ, ಬಂದ ಪುಸ್ತಕವನ್ನು ತೆರೆಯದೆ ಕಪಾಟಿಗೆ ಸೇರಿಸಿಬಿಟ್ಟೆ. ಅದು ವಾಚನಾಲಯದ ಅಧ್ಯಕ್ಷರಾದ ಪಂಪಣ್ಣನವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದ ಪದ್ಯಗಳ ಪುಸ್ತಕ. ಮರುವಾರ ಅದನ್ನು ತೆರೆದವರೂ ಅವರೇ.

ಚೀಟಿಯಲ್ಲಿ ಹೀಗಿತ್ತು: "ಇದನ್ನು ಓದುತ್ತ ನಿದ್ದೆ ಬಂತು. ಎಷ್ಟೋ ವರ್ಷಗಳ ಮೇಲೆ ಹಾಗೆ ಮಲಗಿದೆ. ಬರೆದವರ ಹೊಟ್ಟೆ ತಣ್ಣಗಿರಲಿ."

"ನೋಡ್ರಿ ಮಾಸ್ತರ್ರೆ," ಎಂದರು ಪಂಪಣ್ಣನವರು. "ಹೊಡಿಯೋದು ಹೊಡದು ಮ್ಯಾಲ ಆಶೀರ್ವಾದ ಬ್ಯಾರೆ. ತಪ್ಪಾತಂತ ಬರದು ಕೊಡ್ಲಿ. ಇಲ್ಲಂದ್ರ ಆ ಗಿರಣಿ ಮನಿಗೆ ಪುಸ್ತಕ ಬಂದ್."

ಆ ಹೆಂಗಸಿಗೆ ನಿದ್ದೆಯೆಂದರೆ ಏನೆಂದು ಖಾನೆಯ ಚೀಟಿಗಳನ್ನು ತೋರಿಸಿ ನಾನು ಹೇಳಬಹುದಿತ್ತು. ಅಧ್ಯಕ್ಷರ ಸಂಗಡ ವಾದಿಸುವ ಚೈತನ್ಯ ಆ ದಿನ ನನ್ನಲ್ಲಿರಲಿಲ್ಲ. ಆಗಲಿ ಎಂದೆ.

ಗಿರಣಿಗೆ ಹೋದಾಗ ಮರುಳಸಿದ್ದಮ್ಮನವರು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದರು. "ಕುಂದ್ರಿ," ಎಂದರು. ಬಂದ ವಿಷಯ ತಿಳಿಸಿದೆ.

"ನಿದ್ದಿ ಬಂದಿದ್ದು ಖರೇ ಐತ್ರಿ. ನಾ ಅವರನ್ನ ಬೈದಿಲ್ಲ, ಭಾಳ ಉಪಕಾರ ಆತು ಅಂತ ಬರದೀನಿ. ಅದನ್ನ ತಪ್ಪು ಅಂತ ಹೆಂಗ ಬರೀಲಿ?"

"ಬರದು ಒಗಿ ಅಕ್ಕ," ಎಂದರು ಜಡೆಪ್ಪನವರು. "ನಿನ್ನ ಪುಸ್ತಕ ನಿಂತ್ರ ನಮ್ಮ ಗತಿ ಏನು? ಆ ಹದಿನೇಳು ಮೂರ್ಛಿಯಾಕಿಗೆ ಬೈದಂಗ ದಿನಾ ನಮಗ ಬೈತೀ."

ಮರುಳಸಿದ್ದಮ್ಮನವರು ನಗಲಿಲ್ಲ. "ಬರೀಲಿಲ್ಲಂದ್ರ ಕೊಡಂಗಿಲ್ಲೇನ್ರಿ?"

"ಕೊಡಬ್ಯಾಡ ಅಂದಾರಮ್ಮ."

ಮೊರದಲ್ಲಿದ್ದ ಅಕ್ಕಿಯನ್ನು ಪೂರ್ತಿ ಹಸನು ಮಾಡಿ ಮುಗಿಸಿದರು. ಆಮೇಲೆ ಕೈ ಒರೆಸಿಕೊಂಡು, "ಪೆನ್ಸಿಲ್ ಕೊಡ್ರಿ," ಎಂದರು. 'ತಪ್ಪಾಯಿತು' ಎಂಬ ಒಂದೇ ಮಾತು ಬರೆದರು.

ಪುಸ್ತಕಗಳು ನಿಲ್ಲಲಿಲ್ಲ. ಚೀಟಿಗಳು ನಿಂತವು. ಅಂದಿನಿಂದ ಪ್ರತಿ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಒಣಗಿದ ಬಿಲ್ವಪತ್ರೆ ಇರುತ್ತಿತ್ತು. ಬರಿದಾಗಿ ಕಳಿಸಬಾರದಲ್ಲ.

ನಾಲ್ಕು ವರ್ಷದ ಮೇಲೆ ನನಗೆ ಹೊಸಪೇಟೆಗೆ ವರ್ಗವಾಯಿತು. ಹೊರಡುವ ದಿನ ಅವರು ಹಿತ್ತಾಳೆಯ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಕಳಿಸಿದರು. ಸಾಮಾನೆಲ್ಲ ಗಾಡಿಗೆ ಏರಿತ್ತು. ಡಬ್ಬಿಯಲ್ಲಿ ಹಾಕಿ ಕೊಡಲು ಮನೆಯಲ್ಲಿ ಒಂದು ಹಿಡಿ ಮಂಡಕ್ಕಿಯೂ ಉಳಿದಿರಲಿಲ್ಲ. ಒಂದು ಚೀಟಿ ಬರೆದು ಹಾಕಿದೆ: "ಪಂಪಣ್ಣನವರ ಪುಸ್ತಕವನ್ನು ನಾನು ಮೂರು ಸಲ ಓದಲು ಹಿಡಿದೆ. ಮೂರು ಸಲವೂ ನಿದ್ದೆ ಬಂತು. ಅಂದೇ ಹೇಳಬೇಕಾಗಿತ್ತು."

ಹೊಸಪೇಟೆಯ ಸಂತೆಗೆ ಬಂದ ಜಡೆಪ್ಪನವರು ಮುಂದಿನ ತಿಂಗಳು ಅದೇ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಅದರ ಹಿಂಬದಿಯಲ್ಲಿ ಪೆನ್ಸಿಲಿನ ಪರಿಚಿತ ಅಕ್ಷರಗಳಿದ್ದವು.

"ತಪ್ಪಾಯಿತೆಂದು ಬರೆದ ಮೇಲೆ ನಾನೂ ಅದನ್ನು ಎರಡು ಸಲ ತರಿಸಿ ಓದಿದೆ. ನಿದ್ದೆ ಬರಲಿಲ್ಲ."