ಜೋಗುಳದ ಕಡೆಯ ನುಡಿ

ಅಮೆರಿಕದ ಕೊಲಂಬಿಯಾ ಊರಿನ ಆಚೆ, ಓಕ್ ಮರಗಳ ನಡುವೆ, ಆ ಹಳೆಯ ಲ್ಯಾಟಿನ್ ಸ್ಕೂಲು ಸದಾ ಅರೆನಿದ್ದೆಯಲ್ಲಿ ಇದ್ದಂತಿರುತ್ತಿತ್ತು. ಗದಗಿನ ನೀಲಗಂಗಾ ಅಲ್ಲಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವಾಕೆ. ಕಿಟಕಿಯ ಬಿಸಿಲಿನಲ್ಲಿ ಧೂಳು ತೇಲುವುದನ್ನು ನೋಡುತ್ತ ನಿಂತಳೆಂದರೆ ಕೈಯಲ್ಲಿದ್ದ ಪುಸ್ತಕ ಮರೆತೇ ಹೋಗುತ್ತಿತ್ತು. ಹುಡುಗರಿಗೆ ಅದೇ ಇಷ್ಟ, ಆಂಟಿ ಗದರುವುದಿಲ್ಲವಲ್ಲ!

ಬಾಯಿಗೆ ಬಾರದ ವಿದ್ಯೆ ಪುಸ್ತಕದ ಬದನೆಕಾಯಿ ಎಂದು ನಂಬಿದ ಶಾಲೆ ಅದು. ಪ್ರತಿ ಮೇ ತಿಂಗಳಲ್ಲಿ ಕಡೆಯ ವರ್ಷದ ಸೀನಿಯರ್‌ಗಳು ಮುಂಬಾಗಿಲ ಕಲ್ಲುಮೆಟ್ಟಿಲ ಮೇಲೆ ನಿಂತು, ಕಾಗದ ಹಿಡಿಯದೆ, ಹಳೆಯ ಲ್ಯಾಟಿನ್ ಕವಿಗಳ ಪದ್ಯ ಹೇಳಬೇಕು. ಶಾಲೆಯ ಕೆಲಸದವರಲ್ಲಿ ಮೇಷ್ಟರಲ್ಲದ ಒಬ್ಬರನ್ನೂ ಅವರೇ ಆರಿಸಿ ಮೆಟ್ಟಿಲು ಹತ್ತಿಸುತ್ತಿದ್ದರು, ಅವರವರ ಮನೆಮಾತಿನಲ್ಲಿ ಏನಾದರೂ ಹೇಳಲೆಂದು. ೨೦೧೬ರಲ್ಲಿ ಆ ಸರದಿ ನೀಲಗಂಗಾಳದು.

ಅವಳಿಗೆ ಪೂರ್ತಿ ಬಾಯಿಪಾಠವಿದ್ದದ್ದು ಒಂದೇ: ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ತನಗೆ ಬಂದ ಜೋಗುಳ. ಅದೇ ಶಾಲೆಯಲ್ಲಿ ಸೀನಿಯರ್ ಆಗಿದ್ದ ಮಗಳು ಸೌಮ್ಯಾ ಮುಖ ಕಿವುಚಿದಳು.

"ಅಮ್ಮಾ, ಪ್ಲೀಸ್! ಆ ಬೇಬಿ ಸಾಂಗಾ? ಎಲ್ಲಾರೂ ನಗ್ತಾರೆ."

"ನಕ್ಕರ ನಗಲಿ ಬಿಡು. ನೀ ಕಾಲೇಜಿಗೆ ಹೋದಮ್ಯಾಲೆ ಇದನ್ನ ಯಾರಿಗೆ ಹಾಡ್ಲಿ?"

ನಗುತ್ತಲೇ ಅಂದಳು. ಒಳಗೆ ಮಾತ್ರ ಸಂಕಟ. ಮೂರು ತಲೆಮಾರಿನ ಹಾಡು ತನ್ನೊಂದಿಗೇ ಮುಗಿದುಹೋಗುತ್ತದಲ್ಲ ಎಂಬುದು ಅವಳನ್ನು ಕಿತ್ತು ತಿನ್ನುತ್ತಿತ್ತು.

ಆ ದಿನ ಮೆಟ್ಟಿಲೇರಿ ನಿಂತಳು. ಎದುರಿಗೆ ಅಷ್ಟೊಂದು ಮುಖ, ಎಳೆಬಿಸಿಲು, ಎಲೆಗಳ ನೆರಳಾಟ. ಮೊದಲ ಸಾಲೇ ಹೊಳೆಯಲೊಲ್ಲದು. ಹೇಳುವವರಿಗಾಗಿ ಕಾಯುವುದು ಅಲ್ಲಿಯ ಪದ್ಧತಿ.

"ಗುಬ್ಬಿ ಮಲಗ್ಯಾವ ಗೂಡಾಗ..."

ಗುಂಪಿನೊಳಗಿಂದ ಹಾಡಿದವಳು ಸೌಮ್ಯಾ! ಅಮೆರಿಕದ ನಾಲಗೆಯಲ್ಲಿ ಮಾತು ಹೊರಳಾಡಿತು ನಿಜ, ರಾಗ ಮಾತ್ರ ಅಜ್ಜಿಯದೇ. ತಾಯಿಯೂ ದನಿಗೂಡಿಸಿದಳು. ಗುಬ್ಬಿ ಮಲಗಿತು, ಕೊಟ್ಟಿಗೆಯ ಎತ್ತು ಮಲಗಿತು, ಬಾವಿಯ ನೀರೂ ಮಲಗಿತು. ಅಲ್ಲಿಗೆ ಮಗಳು ಹಾಡು ನಿಲ್ಲಿಸಿಬಿಟ್ಟಳು.

"ಆಮೇಲೆ ಗೊತ್ತಿಲ್ಲಮ್ಮ. ಅಷ್ಟರಲ್ಲಿ ನಂಗೆ ನಿದ್ದೆ ಬಂದ್‌ಬಿಡ್ತಿತ್ತು."

ನೀಲಗಂಗಾಳಿಗೆ ನಗುವೂ ಬಂತು, ಅಳುವೂ ಬಂತು. ಹೌದಲ್ಲ, ಈ ಕೂಸು ಕಡೆಯ ನುಡಿಯನ್ನು ಒಮ್ಮೆಯೂ ಕೇಳಿಯೇ ಇಲ್ಲ! ಕಣ್ಣೊರೆಸಿಕೊಂಡು ಹಾಡಿದಳು:

"ಎಲ್ಲಾರೂ ಮಲಗ್ಯಾರ, ಅವ್ವನ ಕಣ್ಣೂ ಎಳದಾವ,
ಇನ್ನ ನೀ ಹಾಡ ಕೂಸ, ನಾ ಮಲಗತೀನಿ."

ಮನೆಗೆ ಹೋಗುವಾಗ ಡ್ರೈವ್ ಮಾಡಿದವಳು ಸೌಮ್ಯಾ. "ಇನ್ನೊಂದ್ಸಲ ಹೇಳಮ್ಮ" ಎಂದು ಕೇಳಿ ಕೇಳಿ ಆ ಎರಡು ಸಾಲು ಕಲಿತಳು. ಆಮೇಲೆ ಮೊದಲಿನಿಂದ ಶುರುಮಾಡಿ, ಎಲ್ಲೂ ನಿಲ್ಲದೆ ಹಾಡಿ ಮುಗಿಸಿ, ಸರಿ ಇತ್ತಾ ಎಂದು ಪಕ್ಕಕ್ಕೆ ತಿರುಗಿದಳು. ನೀಲಗಂಗಾಳಿಗೆ ಆಗಲೇ ನಿದ್ದೆ ಹತ್ತಿತ್ತು.