ಕವಣೆಯಲ್ಲಿ ಹೋದ ಬುತ್ತಿ

ಜಮಖಂಡಿಯಲ್ಲಿ ಬಿ.ಎಸ್ಸಿ. ಕೊನೆಯ ವರ್ಷ ಓದುವಾಗ ನಾನು ಸೆಮಿನಾರಿಗೆ ಆರಿಸಿಕೊಂಡ ವಿಷಯ ‘ರಾಕೆಟ್ ಇಲ್ಲದೆ ಉಪಗ್ರಹ’. ಉಪಗ್ರಹವನ್ನು ಉದ್ದನೆಯ ತೋಳಿನ ತುದಿಗೆ ಕಟ್ಟಿ, ಗರಗರ ತಿರುಗಿಸಿ, ಆಕಾಶಕ್ಕೆ ಬಿಟ್ಟುಬಿಡುವುದು. ಚೆನ್ನಾಗಿ ಮಾತಾಡಿದ ಒಬ್ಬರನ್ನು ಧಾರವಾಡದ ಸ್ಪರ್ಧೆಗೆ ಕಳಿಸುವುದಾಗಿ ಸರ್ ಹೇಳಿದ್ದರು. ನನಗೆ ಹೋಗಲೇಬೇಕಿತ್ತು. ಆದರೆ ನಾಲ್ಕು ಜನರೆದುರು ನನ್ನ ದನಿಯೇ ಹೊರಡುತ್ತಿರಲಿಲ್ಲ.

ವಿಷಯ ಹೊಳೆದದ್ದು ಅಜ್ಜಿಯಿಂದ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಹಳ್ಳ ತುಂಬಿದ ದಿನ, ಆಚೆ ದಂಡೆಯಲ್ಲಿ ಕುರಿ ಕಾಯುವ ಅಜ್ಜನಿಗೆ, ನಮ್ಮ ಮುತ್ಯಾನಿಗೆ, ಅವಳು ಊಟದ ಬುತ್ತಿಯನ್ನು ಹಕ್ಕಿ ಹೊಡೆಯುವ ಕವಣೆಯಲ್ಲಿಟ್ಟು ಬೀಸುತ್ತಿದ್ದಳು. ಮುತ್ಯಾ ಕಂಬಳಿ ಹರವಿ ಹಿಡಿಯುತ್ತಿದ್ದ.

ಸೆಮಿನಾರಿನ ಹಿಂದಿನ ಭಾನುವಾರ ನಾನೂ ಬೀಸಿದೆ. ಕೋನವನ್ನು ಲೆಕ್ಕ ಹಾಕಿದ್ದೆ. ಕೈ ಬಿಡುವುದು ತುಸು ತಡವಾಗಿ, ಬುತ್ತಿ ನನ್ನ ಹಿಂದಿನ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು.

“ಸಾಲಿ ಕಲಿಯಾಕ ಹತ್ತಿ ಎಷ್ಟು ವರ್ಷ ಆತು?” ಎಂದಳು ಆಯಿ.

ಆಚೆಯಿಂದ ಮುತ್ಯಾ ಕೂಗಿದ: “ಲೇ, ಆಕಿ ಕೈಯಾಗ ಕೊಡಬ್ಯಾಡ! ನನಗ ಹಸದೈತಿ!”

ಆಯಿ ಬುತ್ತಿಯನ್ನು ಗಿಡದಿಂದ ಬಿಡಿಸಿ, ಬಿಚ್ಚಿ ತೋರಿಸಿದಳು. “ಮೆತ್ತನ್ನ ರೊಟ್ಟಿ, ಶೇಂಗಾ ಹಿಂಡಿ. ಕಡಕ ರೊಟ್ಟಿ ಕಟ್ಟಿದ್ರ ಪುಡಿಪುಡಿ. ಒಮ್ಮಿ ಗಡಗಿಯೊಳಗ ಮಜ್ಜಿಗಿ ಕಳಿಸಿದ್ದೆ. ಕಂಬಳಿ ಕುಡೀತು,” ಎಂದು ಅದನ್ನು ಮತ್ತೆ ಕಟ್ಟಿ ತಾನೇ ಬೀಸಿದಳು.

ಸೆಮಿನಾರಿನ ದಿನ ಬೋರ್ಡಿಗೆ ಮುಖ ಮಾಡಿ ಸಮೀಕರಣ ಬರೆದು ಮುಗಿಸಿದೆ. ಸರ್ ಕೇಳಿದರು: “ತಿರುಗೋ ರಭಸಕ್ಕ ಒಳಗಿನ ಸಾಮಾನು ತನ್ನ ತೂಕದ ಸಾವಿರಾರು ಪಟ್ಟು ಭಾರ ಆಗತೈತಿ. ಏನು ಉಳೀತೈತಿ?”

ಉತ್ತರ ಗೊತ್ತಿದ್ದೂ, ಬರೆದ ಸಮೀಕರಣವನ್ನೇ ಮತ್ತೆ ತಿದ್ದತೊಡಗಿದೆ. ಹಿಂದಿನ ಬೆಂಚಿನಲ್ಲಿ ನಗು ಶುರುವಾಯಿತು. ಧಾರವಾಡ ಕೈತಪ್ಪುತ್ತಿತ್ತು.

“ಮಜ್ಜಿಗಿ ಉಳಿಯಂಗಿಲ್ರೀ ಸರ್,” ಎಂದುಬಿಟ್ಟೆ.

ತರಗತಿಯೆಲ್ಲ ನಕ್ಕಿತು. ಇನ್ನು ಮುಚ್ಚಿಡುವಂತಿರಲಿಲ್ಲ. ಕವಣೆ, ರೊಟ್ಟಿ, ಕಂಬಳಿ ಎಲ್ಲ ಹೇಳಿದೆ. ದನಿ ತಾನಾಗಿ ಬಂತು.

“ಮುತ್ಯಾಗ ಬುತ್ತಿ ಮುಟ್ಟಿತು. ಉಪಗ್ರಹದ್ದೇನು?” ಎಂದರು ಸರ್.

“ಬರೇ ಬೀಸಿದ್ರ ಅದೂ ವಾಪಸ್ ನೆಲಕ್ಕ ಬೀಳತೈತ್ರೀ. ಬುತ್ತಿ ಬೀಳಬೇಕು, ಉಪಗ್ರಹ ಬೀಳಬಾರದು. ಮ್ಯಾಲ ಹೋದಾಗ ಅಡ್ಡ ನೂಕಾಕ ಸಣ್ಣ ರಾಕೆಟ್ ಬೇಕ್ರೀ.”

“ಬೋರ್ಡಿನ ಮ್ಯಾಲ ‘ರಾಕೆಟ್ ಇಲ್ಲದೆ’ ಅಂತ ಬರದೀಯಲ್ಲ?”

ಅದನ್ನು ಸೆರಗಿನಿಂದಲೇ ಒರೆಸಿ ‘ದೊಡ್ಡ ರಾಕೆಟ್ ಇಲ್ಲದೆ’ ಎಂದು ಬರೆದೆ. ಸರ್ ನಕ್ಕು, ಧಾರವಾಡದ ಪಟ್ಟಿಯಲ್ಲಿ ನನ್ನ ಹೆಸರು ಸೇರಿಸಿದರು.

ಸಂಜೆ ಆಯಿಗೆ ಹೇಳಿದೆ. ಮಜ್ಜಿಗೆಯ ಮಾತು ಕಾಲೇಜಿನವರೆಗೂ ಹೋಯಿತೆಂದು ಅವಳಿಗೆ ತುಸು ಸಿಟ್ಟು.

“ಛಲೋ ಆತು. ಧಾರವಾಡಕ್ಕ ಬುತ್ತಿ ಕಟ್ಟಿ ಕೊಡತೇನಿ,” ಎಂದಳು. “ಕೈಯಾಗ ಹಿಡಕೊಂಡು ಹೋಗು. ಬೀಸಬ್ಯಾಡ.”